ಗುಡ್ಡದ ಬುಡದಲ್ಲಿ ಬೋಟು ಕಟ್ಟಿದವರು

(ದಕ್ಕೆಕಟ್ಟೆ ಪ್ರಶ್ನೋತ್ತರ)

ಹೋದ ಸಂಚಿಕೆಯಲ್ಲಿ ಮಳೆಗಾಲಕ್ಕೆ ಮುಂಚೆ ಬೋಟು ದಡಕ್ಕೆ ಎಳೆಯುವ ಬಗ್ಗೆ ಬರೆಯುತ್ತ ಕೊನೆಗೆ ಎರಡು ಸಾಲಿನಲ್ಲಿ ಇಟಲಿಯ ಪಾವೊಲೊ ವಿಟೆಲ್ಲಿಯವರನ್ನು ನೆನೆದಿದ್ದೆ. ಅಜಿಮುತ್ ಎಂಬ ಯಾಟ್, ಅಂದರೆ ಐಷಾರಾಮಿ ವಿಹಾರ ಬೋಟಿನ, ಕಂಪೆನಿ ಕಟ್ಟಿದವರು ಅವರು, 2024ರ ಡಿಸೆಂಬರ್ 31ರಂದು ತೀರಿಕೊಂಡರು. ಆ ಎರಡು ಸಾಲಿಗೆ ಬಂದಷ್ಟು ಪತ್ರ ಉಳಿದ ಪುಟಕ್ಕೆ ಬರಲಿಲ್ಲ. ಹಾಗಾಗಿ ಈ ತಿಂಗಳು ಪೂರ್ತಿ ಅವರದೇ ಸಮಾಚಾರ. ಬಂಗುಡೆ ಒಣಗಿಸುವ ಬಗ್ಗೆ ಕೇಳಿದ ಕಾಣಕೋಣದ ಅಕ್ಕ ಮುಂದಿನ ತಿಂಗಳವರೆಗೆ ಕಾಯಬೇಕು. ಅದಕ್ಕೆ ಉತ್ತರ ಹೇಳಬೇಕಾದವಳು ನನ್ನ ಹೆಂಡತಿ, ಅವಳಿಗೆ ಸದ್ಯ ಪುರುಸೊತ್ತಿಲ್ಲ.

ಪ್ರಶ್ನೆ: ಅಣ್ಣಾ, ನಾನು ಮುರಗಾಂವ್ ಬಂದರಿನಲ್ಲಿ ಅದಿರು ತುಂಬಿಸಿದವನು. ನನಗೆ ಹಡಗೆಂದರೆ ಅದಿರಿನ ಹಡಗು. ಈ ವಿಟೆಲ್ಲಿ ಯಾರು? ನೀವು ಯಾರ್‍ಯಾರಿಗೋ ಶ್ರದ್ಧಾಂಜಲಿ ಬರೆಯುವವರಲ್ಲ.
– ನಿವೃತ್ತ ಕ್ರೇನ್ ಆಪರೇಟರ್, ವಾಸ್ಕೊ

ಉತ್ತರ: ನಿಮ್ಮ ಅದಿರಿನ ಹಡಗಿನ ಪಕ್ಕ ನಿಲ್ಲಿಸಿದರೆ ಇವರ ಬೋಟು ಕಣ್ಣಿಗೇ ಬೀಳಲಿಕ್ಕಿಲ್ಲ. ಆದರೂ ಕೇಳಿ.

ವಿಟೆಲ್ಲಿ ಹುಟ್ಟಿದ್ದು 1947ರಲ್ಲಿ, ಉತ್ತರ ಇಟಲಿಯ ತೂರಿನ್‌ನಲ್ಲಿ. ಅದು ಕಾರಿನ ಊರು, ಫಿಯಟ್ ಕಾರ್ಖಾನೆಯ ಊರು. ಅಲ್ಲಿ ಸಮುದ್ರ ಇಲ್ಲ. 1969ರಲ್ಲಿ, ಇನ್ನೂ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವಾಗಲೇ, ಹಾಯಿದೋಣಿ ಬಾಡಿಗೆಗೆ ಕೊಡುವ ಸಣ್ಣ ವ್ಯಾಪಾರ ಶುರು ಮಾಡಿದರು. ಆಮೇಲೆ ಬೇರೆ ದೇಶದ ಕಂಪೆನಿಗಳ ಬೋಟು ತರಿಸಿ ಇಟಲಿಯಲ್ಲಿ ಮಾರಿದರು. ಬಾಡಿಗೆಗೆ ಕೊಟ್ಟವನಿಗೆ ಬೋಟು ಎಲ್ಲಿ ಮುರಿಯುತ್ತದೆ ಅಂತ ಗೊತ್ತಾಗುತ್ತದೆ, ಮಾರಿದವನಿಗೆ ಗಿರಾಕಿ ಯಾವುದಕ್ಕೆ ಬೈಯುತ್ತಾನೆ ಅಂತ ಗೊತ್ತಾಗುತ್ತದೆ. ಇವೆರಡೂ ಕಿವಿಗೆ ಬಿದ್ದ ಮೇಲೆ, 1970ರ ದಶಕದ ನಡುವಿನಲ್ಲಿ, ತಮ್ಮದೇ ಹೆಸರಿನ ಬೋಟು ಹೊರತಂದರು. 1977ರಲ್ಲಿ ಬಂದ 32 ಅಡಿಯ ತಾರ್ಗಾ ಅವರ ಕೈಹಿಡಿಯಿತು. ಅದನ್ನು ಸಮುದ್ರದ ಫೋರ್ಡ್ ಮಾಡೆಲ್ ಟಿ ಅಂತ ಕರೆಯುತ್ತಾರೆ, ಅಂದರೆ ಒಂದೇ ನಮೂನೆಯಲ್ಲಿ ಸಾಲುಸಾಲಾಗಿ ಹೊರಬಂದ ಬೋಟು. 1982ರಲ್ಲಿ ಫೈಲಾಕಾ ಎಂಬ 105 ಅಡಿಯ ಫೈಬರ್ ಯಾಟ್. 1985ರಲ್ಲಿ ವಿಯಾರೆಜ್ಜೊ ಊರಿನ ಬೆನೆಟ್ಟಿ ಎಂಬ, ಹಡಗು ಕಟ್ಟುವ ಹಳೇ ಯಾರ್ಡನ್ನೇ ಕೊಂಡರು. 24 ಮೀಟರಿಗಿಂತ ಉದ್ದದ ಯಾಟ್ ಕಟ್ಟುವವರ ಜಾಗತಿಕ ಪಟ್ಟಿಯಲ್ಲಿ ಅವರ ಗುಂಪು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ನಡುವೆ 2013ರಲ್ಲಿ ಇಟಲಿಯ ಸಂಸತ್ತಿಗೂ ಹೋಗಿ, ಅವಧಿ ಮುಗಿಯುವ ಮೊದಲೇ ಹೊರಬಂದರು. ಆಲ್ಪ್ಸ್ ಗುಡ್ಡಗಳ ನಡುವಿನ ಆಯಾಸ್ ಎಂಬಲ್ಲಿ, ತಮ್ಮ ಮನೆಯಲ್ಲಿ ಬಿದ್ದು ಪೆಟ್ಟಾಗಿ ತೀರಿಕೊಂಡರು. 77 ವರ್ಷ.

ಇದಿಷ್ಟು ಯಾರು ಬೇಕಾದರೂ ಬರೆಯಬಹುದು. ನಾನು ಯಾಕೆ ನೆನೆದೆ ಅಂದರೆ, ಗೋವೆಯ ಜುವಾರಿ ನದಿ ದಡದ ಒಂದು ಯಾರ್ಡಿನಲ್ಲಿ ನಾನು ಕೆಲಸಕ್ಕಿದ್ದಾಗ ಮುಂಬೈ ಮಾಲೀಕರೊಬ್ಬರ ಅಜಿಮುತ್ ರಿಪೇರಿಗೆ ಬಂದಿತ್ತು. ಮರಳುದಿಬ್ಬಕ್ಕೆ ತಾಗಿಸಿ ಪ್ರೊಪೆಲ್ಲರ್ ಬಗ್ಗಿಸಿಕೊಂಡಿದ್ದರು. ಬೋಟಿನ ತಪ್ಪೇನೂ ಇಲ್ಲ, ಇಳಿತದ ಹೊತ್ತು ನೋಡದೆ ನಡೆಸಿದ್ದರು, ಅಷ್ಟೆ. ನಾನು ಎಂಜಿನ್ ಕೋಣೆಗೆ ಇಳಿದೆ. ಸೋಫಾ, ಕನ್ನಡಿ, ಬಚ್ಚಲುಮನೆ ಎಲ್ಲ ಯಾರು ಬೇಕಾದರೂ ಚಂದ ಮಾಡಿಯಾರು, ಬೋಟು ಕಟ್ಟಿದವನ ಬುದ್ಧಿ ಎಂಥದ್ದು ಅಂತ ತಿಳಿಯುವುದು ಮಾಲೀಕ ಎಂದೂ ಇಳಿಯದ ಜಾಗದಲ್ಲಿ. ಅಲ್ಲಿ ಪ್ರತಿಯೊಂದು ವಯರಿನ ಎರಡೂ ತುದಿಗೆ ನಂಬರು. ಸಮುದ್ರದ ನೀರು ಒಳಗೆ ಬರುವ ವಾಲ್ವು ಪ್ರತಿಯೊಂದೂ ಕೈಗೆಟುಕುವ ಹಾಗೆ. ಫೈಬರಿನ ಒಳಮೈಗೂ ಬಣ್ಣ, ಎಲ್ಲೂ ಚುಚ್ಚುವ ಗಾಜಿನ ಎಳೆ ಇಲ್ಲ. ನಮ್ಮ ಕಡೆಯ ಎಷ್ಟೋ ಬೋಟುಗಳಲ್ಲಿ ಒಂದು ಪೈಪ್ ಬದಲಿಸಲು ತೋಳಿನ ಚರ್ಮ ಸುಲಿಸಿಕೊಂಡವನು ನಾನು. ರಿಪೇರಿ ಮಾಡುವ ಅಪರಿಚಿತನ ಬಗ್ಗೆ ಯೋಚನೆ ಮಾಡಿದ ಕಂಪೆನಿ ಇದು ಅಂತ ಅವತ್ತೇ ಅನ್ನಿಸಿತು. ಮೇಲೆ ಬಂದು ಆ ಕಂಪೆನಿ ಯಾರದು ಅಂತ ವಿಚಾರಿಸಿದೆ.

ಪ್ರಶ್ನೆ: ತೂರಿನ್ ಭೂಪಟದಲ್ಲಿ ನೋಡಿದೆ. ಸುತ್ತ ಗುಡ್ಡ! ಅಲ್ಲಿಂದ ಬೋಟು ಸಮುದ್ರಕ್ಕೆ ಹೇಗೆ ಇಳಿಯುತ್ತದೆ ಸಾರ್?
– ಭೂಗೋಳದ ಶಿಕ್ಷಕಿ, ಡೊಂಬಿವಲಿ

ಉತ್ತರ: ಕಾರ್ಖಾನೆ ಇರುವುದು ತೂರಿನ್‌ನಿಂದಲೂ ಇನ್ನಷ್ಟು ಗುಡ್ಡದ ಕಡೆ, ಅವಿಲ್ಯಾನಾ ಎಂಬ ಊರಿನಲ್ಲಿ, ಸೂಸಾ ಕಣಿವೆಯ ಬಾಯಲ್ಲಿ. ಪಕ್ಕದ ಬೆಟ್ಟದ ತುದಿಯಲ್ಲಿ ಸಂತ ಮೈಕೇಲನ ಹಳೇ ಮಠ. ಸವೋನಾ ಕಡಲಿಗೆ ಅಲ್ಲಿಂದ ಸುಮಾರು 150 ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ಯಾಟ್ ಕಟ್ಟಿ, ಟ್ರೇಲರ್ ಮೇಲೆ ಹೇರಿ, ಅರಬೈಲು ಘಟ್ಟ ಇಳಿಸಿ ಕಾರವಾರದಲ್ಲಿ ನೀರಿಗೆ ಬಿಟ್ಟ ಹಾಗೆ. ನಮ್ಮವರು ಕೇಳಿದರೆ ತಲೆ ಕೆಟ್ಟಿದೆಯಾ ಅಂತ ಕೇಳುತ್ತಿದ್ದರು.

ಕಡಲ ಬದಿಯ ಊರಿನಲ್ಲಿ ದೋಣಿ ಕಟ್ಟುವವರಿಗೆ ಅಪ್ಪ ಮಾಡಿದ ಕ್ರಮ ಒಂದಿರುತ್ತದೆ. ನಮ್ಮಪ್ಪ ಗಂಗೊಳ್ಳಿಯ ದೋಣಿ ಆಚಾರಿ. ಅವರಿಗೆ ನಕ್ಷೆ ಇರಲಿಲ್ಲ. ಪ್ರತಿ ದೋಣಿಯೂ ಹೊಸದು, ಅಳತೆ ಅವರ ತಲೆಯಲ್ಲಿ. ಅದರಲ್ಲಿ ಸೊಗಸಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಹತ್ತು ದೋಣಿಗೆ ಹತ್ತು ನಮೂನೆ ಬಾಗಿಲು, ಹತ್ತು ನಮೂನೆ ಟ್ಯಾಂಕು. ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ತೂರಿನ್ ಕಡೆ ಕಾರು ಜೋಡಿಸಿ ಅಭ್ಯಾಸವಾದ ಕೈಗಳಿದ್ದವು, ಕಾರಿನ ಸೀಟು ಹೊಲಿಯುವವರು, ವಯರಿಂಗ್ ಮಾಡುವವರು, ಅಚ್ಚು ಮಾಡುವವರು ಇದ್ದರು. ವಿಟೆಲ್ಲಿಗೆ ಕಡಲಿಗಿಂತ ಆ ಕೈಗಳು ಹತ್ತಿರ ಬೇಕಿದ್ದವು ಅಂತ ನನ್ನ ಎಣಿಕೆ. ದೊಡ್ಡ ಬೋಟುಗಳು ರಸ್ತೆಯಲ್ಲಿ ಹಿಡಿಸುವುದಿಲ್ಲ, ಅವನ್ನು ಕಟ್ಟಲು ಆಮೇಲೆ ಕಡಲ ದಡದಲ್ಲೇ ಜಾಗ ಮಾಡಿಕೊಂಡರು, ಸವೋನಾ, ವಿಯಾರೆಜ್ಜೊ, ಲಿವೋರ್ನೊಗಳಲ್ಲಿ. ಬ್ರೆಜಿಲ್‌ನ ಇತಾಜಾಯಿಯಲ್ಲೂ ಒಂದು ಯಾರ್ಡ್ ಇದೆ. ಆದರೆ ಗುಡ್ಡದ ಬುಡದ ಕಾರ್ಖಾನೆಯನ್ನು ಕೈಬಿಡಲಿಲ್ಲ.

ಮಕ್ಕಳಿಗೆ ಪಾಠ ಮಾಡುವಾಗ ಹೇಳಿ, ಟ್ರೇಲರ್ ಹೋಗುವ ದಾರಿಯ ಅಗಲವೂ ಬೋಟಿನ ಅಗಲವನ್ನು ನಿರ್ಧರಿಸುತ್ತದೆ. ಅದೂ ಭೂಗೋಳವೇ.

ಪ್ರಶ್ನೆ: ಫೈಬರಿನಲ್ಲಿ 105 ಅಡಿ ಅಂತ ಬರೆದಿದ್ದೀರಿ. ಫೈಬರ್ ನೀರಿನ ಟ್ಯಾಂಕು ನಮ್ಮ ಮನೆ ತಾರಸಿ ಮೇಲೂ ಇದೆ. ಅದರಲ್ಲೇನು ಹೆಚ್ಚುಗಾರಿಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಪುಣೆ

ಉತ್ತರ: ತಮ್ಮಾ, ನಿನ್ನ ಪ್ರಶ್ನೆ ಓದಿ ಸ್ವಲ್ಪ ಉರಿಯಿತು, ಆಮೇಲೆ ಖುಷಿಯಾಯಿತು. ನಾನು ಅನ್ನ ತಿಂದ ಕೆಲಸವೇ ಇದು, ಹಾಗಾಗಿ ಉದ್ದಕ್ಕೆ ಹೇಳುತ್ತೇನೆ.

ಮೊದಲು ಬೋಟಿನ ಪೂರ್ತಿ ಆಕಾರದ ಒಂದು ಅಚ್ಚು ಬೇಕು. ಅಚ್ಚಿನ ಒಳಮೈ ಬೋಟಿನ ಹೊರಮೈ. ಅದನ್ನು ಕನ್ನಡಿ ಹಾಗೆ ಉಜ್ಜಿ, ಮೇಣ ತಿಕ್ಕಿ, ಮತ್ತೆ ಉಜ್ಜಿ, ಮತ್ತೆ ಮೇಣ. ಅದರ ಮೇಲೆ ಜೆಲ್‌ಕೋಟ್ ಎಂಬ ಬಣ್ಣದ ಪದರ, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಈಗ ಬಳಿದದ್ದೇ ಕಡೆಗೆ ಹೊರಗೆ ಹೊಳೆಯುವ ಬಿಳುಪು. ಹಾಗಾಗಿ ಮೊದಲ ದಿನ ಬಿದ್ದ ಒಂದು ಕೂದಲು, ಒಂದು ಹನಿ ಬೆವರು ಬೋಟು ಹೊರಬಂದ ದಿನ ಎಲ್ಲರ ಕಣ್ಣಿಗೂ ಕಾಣುತ್ತದೆ. ಆಮೇಲೆ ಗಾಜಿನ ಎಳೆಯ ಮ್ಯಾಟ್, ಮೇಲೆ ರೆಸಿನ್ ಎಂಬ ಅಂಟುದ್ರವ, ರೋಲರ್ ಹಿಡಿದು ಗುಳ್ಳೆ ಹೊರಗೆ ತಳ್ಳುವುದು. ಮತ್ತೆ ನೇಯ್ದ ಗಾಜಿನ ಬಟ್ಟೆ, ಮತ್ತೆ ರೆಸಿನ್. ಪದರದ ಮೇಲೆ ಪದರ. ರೆಸಿನ್ ಗಟ್ಟಿಯಾಗಲು ಅದಕ್ಕೆ ಹಾರ್ಡ್‌ನರ್ ಹಾಕುವುದು ನೂರಕ್ಕೆ ಒಂದರಿಂದ ಎರಡು ಪಾಲು. ಹೆಚ್ಚಾದರೆ ಬಕೆಟ್ಟಿನಲ್ಲೇ ಕುದಿದು ಹೊಗೆ ಏಳುತ್ತದೆ, ಕಡಿಮೆಯಾದರೆ ಮರುದಿನವೂ ಅಂಟು. ಗೋವೆಯ ಜುಲೈ ತಿಂಗಳಲ್ಲಿ ಗಾಳಿಯೇ ಒದ್ದೆ. ತೇವ ಒಳಗೆ ಸಿಕ್ಕಿಬಿದ್ದರೆ ವರ್ಷಗಳ ನಂತರ ಹಲ್ಲಿನ ಮೇಲೆ, ಅಂದರೆ ಬೋಟಿನ ನೀರೊಳಗಿನ ಮೈಮೇಲೆ, ಬೊಕ್ಕೆ ಏಳುತ್ತವೆ. ಹಲ್ ಅನ್ನುವುದನ್ನು ನಮ್ಮ ಯಾರ್ಡಿನ ಹುಡುಗರು ಹಲ್ಲು ಅಂತಲೇ ಅನ್ನುವುದು, ಗಾಬರಿಯಾಗಬೇಡ.

ನಿಮ್ಮ ತಾರಸಿಯ ಟ್ಯಾಂಕು ಕೂತಲ್ಲೇ ಕೂತಿರುತ್ತದೆ. ಬೋಟು ಅಲೆಗೆ ಹಾರಿ ಬಿದ್ದು ಹಾರಿ ಬಿದ್ದು ಹೋಗುತ್ತದೆ. ಉದ್ದ ಹೆಚ್ಚಾದಷ್ಟೂ ನಡು ಬಳುಕುತ್ತದೆ. ಅದನ್ನು ತಡೆಯಲು ಒಳಗೆ ಉದ್ದುದ್ದ, ಅಡ್ಡಡ್ಡ ಪಕ್ಕೆಲುಬು ಕೂರಿಸಬೇಕು. ಅಷ್ಟುದ್ದದ ಯಾಟ್ ಬೇಕೆಂದರೆ ಆ ಕಾಲದಲ್ಲಿ ಉಕ್ಕು, ಅಲ್ಯೂಮಿನಿಯಂ ಇಲ್ಲವೆ ಮರ ಅಂತಲೇ ಲೆಕ್ಕ. ಇನ್ನು ದುಡ್ಡಿನ ಲೆಕ್ಕ. ಅಚ್ಚಿಗೇ ಒಂದು ಬೋಟಿನಷ್ಟು ಖರ್ಚು ಬೀಳುತ್ತದೆ, ಆ ಅಚ್ಚಿನಿಂದ ಒಂದೇ ಬೋಟು ತೆಗೆದರೆ ಮನೆ ಹರಾಜು. ಎರಡನೆಯದು, ಮೂರನೆಯದು, ನಾಲ್ಕನೆಯದು ಮಾರುತ್ತದೆ ಅಂತ ನಂಬಿದವನು ಮಾತ್ರ 105 ಅಡಿಯ ಅಚ್ಚು ಮಾಡಿಸಬಲ್ಲ. ಅಷ್ಟು ದೊಡ್ಡ ಫೈಬರ್ ಯಾಟನ್ನು ಸಾಲಾಗಿ ತೆಗೆಯಲು ಆಗ ಬೇರೆ ಯಾರೂ ಹೊರಟಿರಲಿಲ್ಲ. ಕಂಪೆನಿ ಶುರುವಾಗಿ ಆಗ ಹದಿಮೂರು ವರ್ಷವಷ್ಟೆ.

ಈಗ ಬಹಳ ಕಡೆ ರೋಲರ್ ಹಿಡಿಯುವ ಕೆಲಸ ಕಡಿಮೆ. ಒಣ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಪಂಪಿನಲ್ಲಿ ಗಾಳಿ ಎಳೆದರೆ ರೆಸಿನ್ ತಾನಾಗಿ ಒಳಗೆ ಹರಿಯುತ್ತದೆ. ಮೇಲಿನ ಅಂತಸ್ತಿನ ಭಾರ ಇಳಿಸಲು ಅಜಿಮುತ್‌ನವರು ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಎಳೆ ಬಳಸುತ್ತಾರೆ. ಮೇಲೆ ಹಗುರವಾದರೆ ಬೋಟು ತೂಗಾಡುವುದು ಕಡಿಮೆ. ಯಾಕೆ ಅಂತ ನೀನೇ ಲೆಕ್ಕ ಹಾಕು, ಎಂಜಿನಿಯರಿಂಗ್ ಅಲ್ಲವಾ?

ಪ್ರಶ್ನೆ: ಕೋಟ್ಯಧಿಪತಿಗಳ ಆಟಿಕೆ ಮಾಡಿ ತಾನೂ ಕೋಟ್ಯಧಿಪತಿಯಾದ ಮನುಷ್ಯ. ಇವರ ಮೇಲೆ ನಾವು ಗೌರವ ಇಡುವುದು ಯಾತಕ್ಕೆ? ಮಾಂಡೋವಿಯಲ್ಲಿ ದಿನಾ ಕ್ಯಾಸಿನೊ ಹಡಗು ನೋಡಿ ನನಗೆ ಸಾಕಾಗಿದೆ.
– ಬ್ಯಾಂಕ್ ಉದ್ಯೋಗಿ, ಪಣಜಿ

ಉತ್ತರ: ಈ ಪತ್ರಗಳ ಗಂಟಿನಲ್ಲಿ ಇದೇ ಒಳ್ಳೆಯ ಪ್ರಶ್ನೆ. ಕ್ಯಾಸಿನೊ ವಿಷಯ ಬಿಡಿ ಮಾರಾಯ್ರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀವೂ ನಾನೂ ಸೇರಿದರೆ ಆ ಪತ್ರಕ್ಕೆ ಬೇರೆ ಪುಟವೇ ಬೇಕಾಗುತ್ತದೆ.

ಅರುವತ್ತು ಅಡಿಯ ಇಂಥ ಯಾಟ್ ವೇಗವಾಗಿ ಹೋಗುವಾಗ ಗಂಟೆಗೆ ಇನ್ನೂರು ಲೀಟರ್ ಮೀರಿ ಡೀಸೆಲ್ ಕುಡಿಯುತ್ತದೆ. ಗಂಗೊಳ್ಳಿಯ ಮೀನುಗಾರ ಅದನ್ನು ಕೇಳಿದರೆ ನಗುವುದಿಲ್ಲ, ಉಗುಳುತ್ತಾನೆ. ಅದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದ ಆಗದು. 2023ರಲ್ಲಿ ಸೌದಿ ಅರೇಬಿಯದ ಸರಕಾರಿ ನಿಧಿ ಆ ಕಂಪೆನಿಯಲ್ಲಿ ಮೂರನೇ ಒಂದರಷ್ಟು ಪಾಲು ಕೊಂಡಿತು. ದುಡ್ಡು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆದರೆ ನಾನು ಗೌರವ ಕೊಡುವುದು ಬೋಟು ಕೊಂಡವನಿಗಲ್ಲ. ಬೆನೆಟ್ಟಿ ಕಥೆ ಹೇಳುತ್ತೇನೆ, ಆಮೇಲೆ ನಿಮ್ಮ ತೀರ್ಮಾನ ನಿಮ್ಮದು. ಲೊರೆಂಜೊ ಬೆನೆಟ್ಟಿ ಎಂಬವರು 1873ರಲ್ಲಿ ವಿಯಾರೆಜ್ಜೊದಲ್ಲಿ ಶುರು ಮಾಡಿದ ಯಾರ್ಡ್ ಅದು. ಮರದ ಹಾಯಿಹಡಗಿನಿಂದ ಶುರುವಾಗಿ ಉಕ್ಕಿನ ಯಾಟ್‌ವರೆಗೆ ಬಂದಿತ್ತು. 1980ರಲ್ಲಿ ಅದ್ನಾನ್ ಖಶೋಗಿ ಎಂಬ ಸೌದಿಯ ಶಸ್ತ್ರಾಸ್ತ್ರ ವ್ಯಾಪಾರಿಗೆ 86 ಮೀಟರಿನ ನಬೀಲಾ ಕಟ್ಟಿಕೊಟ್ಟರು. ಆ ಕಾಲಕ್ಕೆ ಲೋಕವೇ ಬಾಯಿಬಿಟ್ಟು ನೋಡಿದ ಯಾಟ್. ಲೋಕ ನೋಡಿತು, ಯಾರ್ಡ್ ಮಾತ್ರ ಸಾಲದಲ್ಲಿ ಕುಸಿಯಿತು. ಒಂದೇ ಹಡಗು, ಒಬ್ಬನೇ ಗಿರಾಕಿ, ಕೈಮೀರಿದ ಖರ್ಚು. ಸಣ್ಣ ಯಾರ್ಡುಗಳು ದೊಡ್ಡ ಗಿರಾಕಿಯ ಕೈಯಲ್ಲಿ ಸಾಯುವ ರೀತಿ ಇದೇ, ಇಟಲಿಯಲ್ಲೂ ಗೋವೆಯಲ್ಲೂ.

1985ರಲ್ಲಿ ವಿಟೆಲ್ಲಿ ಅದನ್ನು ಕೊಂಡಾಗ ಅವರಿಗೆ ನಲವತ್ತು ತುಂಬಿರಲಿಲ್ಲ. ಅವರದು ಫೈಬರ್ ಕೆಲಸ, ಬೆನೆಟ್ಟಿಯದು ಉಕ್ಕು. ಜಾಗ ಮಾರಿ ದುಡ್ಡು ಮಾಡಬಹುದಿತ್ತು. ಹೆಸರು ಅಳಿಸಿ ತಮ್ಮ ಹೆಸರು ಬರೆಯಬಹುದಿತ್ತು. ಎರಡೂ ಮಾಡಲಿಲ್ಲ. ಬೆನೆಟ್ಟಿ ಬೆನೆಟ್ಟಿಯಾಗಿಯೇ ಉಳಿಯಿತು, ಗುಂಪಿನ ಹೆಸರಿನಲ್ಲೂ ಅಜಿಮುತ್ ಪಕ್ಕದಲ್ಲಿ ಬೆನೆಟ್ಟಿ ಇದೆ. ಕುಸಿದ ಆ ಯಾರ್ಡಿನ ಹೆಸರಿನಲ್ಲೇ 2019ರ ಹೊತ್ತಿಗೆ ನೂರು ಮೀಟರಿಗಿಂತ ಉದ್ದದ ಮೂರು ಯಾಟ್ ನೀರಿಗಿಳಿದವು, ಲಿವೋರ್ನೊದಲ್ಲಿ.

ನಾನು ಕೆಲಸ ಕಲಿತ ಕಾಲದಿಂದ ಮಾಂಡೋವಿ, ಜುವಾರಿ ಈ ಎರಡು ನದಿಗಳ ದಡದಲ್ಲಿ ಮುಚ್ಚಿದ ಬೋಟು ಶೆಡ್ಡುಗಳನ್ನು ನೋಡುತ್ತ ಬಂದಿದ್ದೇನೆ. ಮಾಲೀಕರು ಹೋದರು, ಮಕ್ಕಳು ಜಾಗ ಮಾರಿದರು. ಯಾರನ್ನೂ ದೂರುವುದಿಲ್ಲ, ನದಿ ದಡದ ಭೂಮಿಯ ಬೆಲೆಯೇ ಹಾಗೆ. ಆದರೆ ಶೆಡ್ ಮುಚ್ಚಿದ ದಿನ ರೋಲರ್ ಹಿಡಿದವನು ಸೆಕ್ಯುರಿಟಿ ಗಾರ್ಡ್ ಆಗುತ್ತಾನೆ, ಗರಗಸ ಹಿಡಿದವನು ಹೋಟೆಲಿನಲ್ಲಿ ಬಾಗಿಲು ತೆಗೆಯುತ್ತಾನೆ. ಕೈಯಲ್ಲಿದ್ದ ವಿದ್ಯೆ ಅವನ ಜೊತೆಗೇ ಹೋಗುತ್ತದೆ. ವಿಟೆಲ್ಲಿ ಬದುಕಿದ್ದಾಗಲೇ, 2023ರಲ್ಲಿ, ಅಧ್ಯಕ್ಷರ ಕುರ್ಚಿಯನ್ನು ಮಗಳು ಜೊವಾನ್ನಾಗೆ ಬಿಟ್ಟುಕೊಟ್ಟರು. ಹಾಗಾಗಿ 2024ರ ಕೊನೆಯ ದಿನ ಅವರು ತೀರಿಕೊಂಡಾಗ ಯಾರ್ಡ್ ಯಾರ ಕೈಗೆ ಅಂತ ಕೇಳುವ ಪ್ರಮೇಯ ಬರಲಿಲ್ಲ. ನಾನು ಗೌರವ ಅನ್ನುವುದು ಇದಕ್ಕೆ. ನಿಮಗೆ ಸಾಲದಿದ್ದರೆ ಮತ್ತೆ ಬರೆಯಿರಿ, ಜಗಳ ಆಡೋಣ.

ಪ್ರಶ್ನೆ: ನಬೀಲಾವನ್ನೇ ಟ್ರಂಪ್ ಕೊಂಡರಂತೆ, ಹೌದೇ?
– ಕಿರಾಣಿ ಅಂಗಡಿ, ಮಾಪುಸಾ

ಉತ್ತರ: ಹೌದು. ಬ್ರೂನೈ ಸುಲ್ತಾನರ ಕೈದಾಟಿ 1980ರ ದಶಕದ ಕೊನೆಗೆ ಟ್ರಂಪ್ ಕೈಗೆ ಬಂತು, ಟ್ರಂಪ್ ಪ್ರಿನ್ಸೆಸ್ ಅಂತ ಹೆಸರಾಯಿತು. ಅವರಿಗೂ ಸಾಲ ಹೆಚ್ಚಾಗಿ 1991ರಲ್ಲಿ ಸೌದಿ ರಾಜಕುಮಾರ ಅಲ್ವಲೀದರಿಗೆ ದಾಟಿಸಿದರು. ಕಟ್ಟಿದವರಿಗೂ ಸಾಲ, ಕಟ್ಟಿಸಿದವರಿಗೂ ಸಾಲ, ಕೊಂಡವರಿಗೂ ಸಾಲ. ನೀವು ಉದ್ರಿ ಪುಸ್ತಕ ಜೋಪಾನವಾಗಿಟ್ಟುಕೊಳ್ಳಿ.

ಪ್ರಶ್ನೆ: ಎಲ್ಲ ಗೆಲುವೇ ಬರೆಯುತ್ತೀರಿ. ಈ ವಿಟೆಲ್ಲಿ ಎಲ್ಲೂ ಸೋಲಲಿಲ್ಲವೇ?
– ಗೃಹಿಣಿ, ಅಂಧೇರಿ

ಉತ್ತರ: ಸೋತರು, ಅದೂ ಎಲ್ಲರ ಎದುರಿಗೆ. ಅಟ್ಲಾಂಟಿಕ್ ಸಾಗರವನ್ನು ಅತಿ ಬೇಗ ದಾಟಿದ ಹಡಗಿಗೆ ನೀಲಿ ರಿಬ್ಬನ್ ಎಂಬ ಹಳೆಯ ಗೌರವ ಇದೆ. 1952ರಲ್ಲಿ ಯುನೈಟೆಡ್ ಸ್ಟೇಟ್ಸ್ ಎಂಬ ಪ್ರಯಾಣಿಕರ ಹಡಗು 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿ ಅದನ್ನು ಗೆದ್ದಿತ್ತು. ವಿಟೆಲ್ಲಿ 1988ರಲ್ಲಿ ಅಟ್ಲಾಂಟಿಕ್ ಚಾಲೆಂಜರ್ ಎಂಬ ದೊಡ್ಡ ವೇಗದ ಬೋಟು ಕಟ್ಟಿಸಿ ಆ ದಾಖಲೆಯ ಬೆನ್ನು ಹತ್ತಿದರು. ಆಗಲಿಲ್ಲ. ನಾಲ್ಕು ವರ್ಷದ ನಂತರ ಇಟಲಿಯದೇ ಡೆಸ್ಟ್ರಿಯೆರೊ ಎಂಬ ಬೇರೆ ಹಡಗು ಅರುವತ್ತು ಗಂಟೆಯೊಳಗೆ ದಾಟಿಬಿಟ್ಟಿತು. ಯಾಟ್ ಮಾರುವವನಿಗೆ ವೇಗದ ಹುಚ್ಚು ಬೇಕಿರಲಿಲ್ಲ ಅಂತ ನನ್ನ ಅನಿಸಿಕೆ. ಆದರೆ ಸೋತ ಮೇಲೂ ಗಿರಾಕಿಗಳು ಓಡಿಹೋಗಲಿಲ್ಲ.

ಪ್ರಶ್ನೆ: ಐಷಾರಾಮಿ ಬೋಟೆಂದರೆ ರಿವಾ, ಸನ್‌ಸೀಕರ್ ಅಂತ ಕೇಳಿದ್ದೆವು. ಅವುಗಳ ಸ್ಥಾಪಕರಿಗಿಂತ ವಿಟೆಲ್ಲಿ ದೊಡ್ಡವರೇ?
– ನಿವೃತ್ತ ಜಾಹೀರಾತು ಕಲಾವಿದ, ಮಾಟುಂಗಾ

ಉತ್ತರ: ದೊಡ್ಡವರು ಸಣ್ಣವರು ಅಂತ ಅಳೆಯಲು ನನ್ನ ಹತ್ತಿರ ಟೇಪಿಲ್ಲ. ಕಣ್ಣಿಗೆ ಯಾವುದು ಚಂದ ಅಂತ ಕೇಳಿದರೆ, ಆಚಾರಿಯ ಮಗನಾಗಿ ನಾನು ರಿವಾ ಅಂತಲೇ ಹೇಳುವುದು. ಇಸೆಯೊ ಸರೋವರದ ದಡದ ಸಾರ್ನಿಕೊದಲ್ಲಿ 1842ರಿಂದ ಆ ಮನೆತನದವರು ಬೋಟು ಕಟ್ಟಿದವರು. ಕಾರ್ಲೊ ರಿವಾ ಸ್ಥಾಪಕರಲ್ಲ, ನಾಲ್ಕನೇ ತಲೆಮಾರು. 1962ರಲ್ಲಿ ಅವರು ತಂದ ಅಕ್ವರಾಮಾ ಮಹಾಗನಿ ಮರದ ಬೋಟು. ಪದರದ ಮೇಲೆ ಪದರ ವಾರ್ನಿಷ್ ಬಳಿದು ಉಜ್ಜಿದ ಆ ಮೈಯಲ್ಲಿ ಮುಖ ನೋಡಿ ಮೀಸೆ ಕತ್ತರಿಸಬಹುದು. ಅವರು 2017ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಸನ್‌ಸೀಕರ್ ಇಂಗ್ಲೆಂಡಿನ ಪೂಲ್ ಬಂದರಿನದು. ರಾಬರ್ಟ್ ಬ್ರೇಥ್‌ವೇಟ್ 1969ರಲ್ಲಿ, ಅಂದರೆ ವಿಟೆಲ್ಲಿ ಶುರು ಮಾಡಿದ ವರ್ಷವೇ, ಪೂಲ್ ಪವರ್ ಬೋಟ್ಸ್ ಅಂತ ಕಟ್ಟಿದ್ದು. 1985ರಲ್ಲಿ ಹೆಸರು ಬದಲಾಯಿತು. ಬಾಂಡ್ ಸಿನಿಮಾಗಳಲ್ಲಿ ಓಡಿದ್ದು ಆ ಬೋಟುಗಳು. 2013ರಲ್ಲಿ ಚೀನಾದ ಕಂಪೆನಿ ಕೊಂಡಿತು, ಬ್ರೇಥ್‌ವೇಟ್ 2019ರಲ್ಲಿ ತೀರಿಕೊಂಡರು. ರಿವಾ ಯಾರ್ಡನ್ನೂ ಕಾರ್ಲೊ 1969ರಲ್ಲೇ ಅಮೆರಿಕದವರಿಗೆ ಮಾರಿದ್ದರು. ಈ ಎರಡು ಕಥೆ ಓದಿದ ಮೇಲೆ, ಮನೆಯವರ ಕೈಯಲ್ಲೇ ಯಾರ್ಡ್ ಉಳಿಸಿಹೋದವರ ಮೇಲೆ ನನಗೆ ಒಲವು ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು, ನೀವು ಕಲಾವಿದರು ಅಂತ ಹೇಳುವುದು: ಅಜಿಮುತ್ ಬೋಟಿನ ಪಕ್ಕದಲ್ಲಿ ಮೀನಿನ ರೆಕ್ಕೆಯಂತೆ ಬಾಗಿದ ಕಪ್ಪು ಕಿಟಕಿ ನೋಡಿದ್ದೀರಾ? ಸ್ತೆಫಾನೊ ರಿಗಿನಿ ಎಂಬ ವಿನ್ಯಾಸಕಾರರ ಕೈಯದು. ಗೇಟ್‌ವೇ ಕಟ್ಟೆಯ ಮೇಲೆ ನಿಂತು, ಹೆಸರು ಓದದೆಯೇ ಗುರುತಿಸಬಹುದು. ಒಂದು ಸಲ ಪೆನ್ಸಿಲ್ ಹಿಡಿದು ಪ್ರಯತ್ನ ಮಾಡಿ, ಆ ಗೆರೆ ಬಿಡಿಸುವುದು ಸುಲಭವಲ್ಲ.

ಪ್ರಶ್ನೆ: ನಮ್ಮ ಮುಂಬೈ, ಗೋವೆಯಲ್ಲಿ ಅಂಥವರು ಯಾರೂ ಇಲ್ಲವೇ? ಇಟಲಿಗೇ ಹೋಗಬೇಕೇ?
– ಕನ್ನಡ ಸಂಘದ ಕಾರ್ಯಕರ್ತ, ಫೋಂಡಾ

ಉತ್ತರ: ಇಟಲಿಗೆ ಹೋಗಿದ್ದು ಸತ್ತವರನ್ನು ನೆನೆಯಲು, ಊರು ಮರೆತು ಅಲ್ಲ. ಲವ್‌ಜಿ ನಸ್ಸರ್‌ವಾನ್‌ಜಿ ವಾಡಿಯಾ ಸೂರತ್‌ನಿಂದ ಮುಂಬೈಗೆ ಬಂದದ್ದು 1736ರಲ್ಲಿ. 1750ರಲ್ಲಿ ಕಟ್ಟಿದ ಮುಂಬೈ ಡ್ರೈಡಾಕ್, ಅಂದರೆ ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಕಟ್ಟೆ, ಅದರ ಹಿಂದೆ ಅವರ ಕೈ ಇದೆ. ಅವರ ಮನೆತನದವರು ಬ್ರಿಟಿಷ್ ನೌಕಾಪಡೆಗೆ ತೇಗದಲ್ಲಿ ಕಟ್ಟಿಕೊಟ್ಟ ಟ್ರಿಂಕೊಮಲಿ ಎಂಬ ಯುದ್ಧನೌಕೆ, 1817ರದ್ದು, ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಆ ಕಾಲದಲ್ಲಿ ಮುಂಬೈ ಡಾಕ್‌ಯಾರ್ಡಿಗೆ ತೇಗ ಹೋಗುತ್ತಿದ್ದದ್ದು ಮಲಬಾರ್ ಮತ್ತು ನಮ್ಮ ಕೆನರಾ ಕಾಡುಗಳಿಂದ. ಕಾಡು ಬೋಳಾಯಿತು ಅನ್ನುವುದೂ ಅದೇ ಕಥೆಯ ಭಾಗ.

ಗೋವೆಯಲ್ಲಿ ರತ್ನಾಕರ ದಾಂಡೇಕರ್ ಇದ್ದಾರೆ. ರಿಬಂದರ್‌ನಿಂದ ಫೆರಿ ಹತ್ತಿದರೆ ದಿವಾಡಿ ದ್ವೀಪ, ಅಲ್ಲಿ ಅವರ ಯಾರ್ಡ್. ಮರದ ತಿರುಳಿಗೆ ಎಪಾಕ್ಸಿ ಎಂಬ ರೆಸಿನ್, ಗಾಜಿನ ಬಟ್ಟೆ ಹೊದಿಸಿ ಅವರು ಕಟ್ಟಿದ 56 ಅಡಿಯ ಹಾಯಿದೋಣಿ ಮ್ಹಾದೇಯಿ. ಅದರಲ್ಲಿ ದಿಲೀಪ್ ದೋಂಡೆ 2009ರ ಆಗಸ್ಟ್‌ನಲ್ಲಿ ಮುಂಬೈಯಿಂದ ಹೊರಟು 2010ರ ಮೇ ತಿಂಗಳಲ್ಲಿ ಒಬ್ಬರೇ ಪ್ರಪಂಚ ಸುತ್ತಿ ಬಂದರು. ಒಬ್ಬಂಟಿಯಾಗಿ ಹಾಯಿಯಲ್ಲಿ ಸುತ್ತಿದ ಮೊದಲ ಭಾರತೀಯರು ಅವರು. ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ 2012–13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ಆರು ಮಂದಿ ನೌಕಾಪಡೆಯ ಹೆಣ್ಣುಮಕ್ಕಳು 2017–18ರಲ್ಲಿ ಸುತ್ತಿದ್ದು ಅದೇ ಯಾರ್ಡಿನ ತಾರಿಣಿಯಲ್ಲಿ. ಮೊನ್ನೆ ಮೊನ್ನೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ಹಡಗೂ ಅವರ ಬಳಗದ್ದೇ. ಕೇರಳದ ಬಾಬು ಶಂಕರನ್ ಮತ್ತು ಅವರ ಆಚಾರಿಗಳು ಕಟ್ಟಿದ್ದು. 2025ರ ಮೇ 21ರಂದು ಅದು ನೌಕಾಪಡೆ ಸೇರಿದ್ದು ಎಲ್ಲಿ ಗೊತ್ತಲ್ಲ? ಕಾರವಾರದಲ್ಲಿ. ಆ ವರ್ಷದ ಕೊನೆಗೆ ಪೋರಬಂದರಿನಿಂದ ಮಸ್ಕತ್‌ಗೂ ಹೊರಟಿತು.

ಇವು ಐಷಾರಾಮಿ ಅಲ್ಲ, ಒಪ್ಪಿದೆ. ಮ್ಹಾದೇಯಿಯಲ್ಲಿ ಎಸಿ ಇಲ್ಲ, ಸೋಫಾ ಇಲ್ಲ. ಆದರೆ ದಕ್ಷಿಣ ಸಾಗರದ ಅಲೆಗೆ ಮೈಯೊಡ್ಡಿ ನಿಲ್ಲುವ ಕೆಲಸ ನಮ್ಮ ಕೈಗಳಿಂದಲೂ ಆಗುತ್ತದೆ ಅಂತ ಗೊತ್ತಾಯಿತು. ನಿಮ್ಮ ಸಂಘದ ಈ ಸಲದ ರಾಜ್ಯೋತ್ಸವಕ್ಕೆ ಸಿನಿಮಾ ನಟರ ಬದಲು ಇಂಥ ಯಾರ್ಡಿನ ಆಚಾರಿಯೊಬ್ಬರಿಗೆ ಶಾಲು ಹೊದಿಸಿ ನೋಡಿ. ಜನ ಕಡಿಮೆ ಬಂದಾರು. ಬರಲಿ ಬಿಡಿ.

ಪ್ರಶ್ನೆ: ನೀವು ಯಾಟ್‌ನಲ್ಲಿ ಹಾಯಾಗಿ ಕೂತು ಸುತ್ತಾಡಿದ್ದೀರಾ?
– ಹೆಸರು ಬೇಡ, ಮಡಗಾಂವ್

ಉತ್ತರ: ಸುತ್ತಾಡಿದ್ದೇನೆ, ಎಂಜಿನ್ ಕೋಣೆಯಲ್ಲಿ ಕೂತು. ಟ್ರಯಲ್‌ಗೆ ಹೋದಾಗ ಎಲ್ಲಿ ನೀರು ಸೋರುತ್ತದೆ ಅಂತ ಟಾರ್ಚ್ ಹಿಡಿದು ನೋಡಬೇಕಲ್ಲ. ಮೇಲೆ ಅಗುವಾದ ಕೋಟೆ ಬಂತು, ದಾಟಿತು ಅಂತ ಹುಡುಗರು ಹೇಳಿದರು.

ಪ್ರಶ್ನೆ: ನನ್ನ ಮಗ ಐಟಿಐ ಮುಗಿಸಿದ್ದಾನೆ. ನಿಮ್ಮ ಪುಟ ಓದಿ ಬೋಟ್ ಯಾರ್ಡಿಗೆ ಸೇರುತ್ತೇನೆ ಅನ್ನುತ್ತಾನೆ. ಕಳಿಸಲೋ ಬೇಡವೋ?
– ಗದಗ ಕಡೆಯ ತಾಯಿ, ಜುವಾರಿನಗರ

ಉತ್ತರ: ಕಳಿಸಿ ತಾಯಿ, ಆದರೆ ವಿಚಾರಿಸಿ ಕಳಿಸಿ. ವಾಸ್ಕೊದ ಗೋವಾ ಶಿಪ್‌ಯಾರ್ಡ್ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ, ಪ್ರಕಟಣೆ ಬಂದಾಗ ಅರ್ಜಿ ಹಾಕಲಿ. ವೆಲ್ಡಿಂಗ್, ಫಿಟ್ಟರ್, ಎಲೆಕ್ಟ್ರಿಶಿಯನ್ ಕಲಿತವರಿಗೆ ಅಲ್ಲಿ ಬೆಲೆ ಇದೆ. ಸಣ್ಣ ಫೈಬರ್ ಯಾರ್ಡಿಗೆ ಹೋದರೆ ಕೆಲಸ ಬೇಗ ಕಲಿಯುತ್ತಾನೆ, ಸಂಬಳ ನಿಧಾನ ಏರುತ್ತದೆ. ಮುಂದೆ ಓದುವ ಮನಸ್ಸಿದ್ದರೆ ಹಡಗಿನ ವಿನ್ಯಾಸ ಕಲಿಸುವ ಕೋರ್ಸು ಖರಗ್‌ಪುರ ಮತ್ತು ಮದ್ರಾಸಿನ ಐಐಟಿಗಳಲ್ಲಿ, ಕೊಚ್ಚಿ ವಿಶ್ವವಿದ್ಯಾಲಯದಲ್ಲಿ, ವಿಶಾಖಪಟ್ಟಣದ ಮ್ಯಾರಿಟೈಮ್ ಕ್ಯಾಂಪಸ್ಸಿನಲ್ಲಿ ಇದೆ. ಐಟಿಐನಿಂದ ಅಲ್ಲಿಗೆ ದಾರಿ ಉದ್ದ, ಡಿಪ್ಲೊಮಾ ಮೂಲಕ ಹೋಗಬೇಕು.

ಫೈಬರ್ ಕೆಲಸವಾದರೆ ಒಂದು ಮಾತು ಮೊದಲೇ ಕೇಳಿ ಬನ್ನಿ: ರೆಸಿನ್ ಕೆಲಸಕ್ಕೆ ಫಿಲ್ಟರ್ ಇರುವ ಮಾಸ್ಕ್ ಕೊಡುತ್ತೀರಾ, ಶೆಡ್ಡಿನಲ್ಲಿ ಗಾಳಿ ಎಳೆಯುವ ಫ್ಯಾನ್ ಇದೆಯಾ ಅಂತ. ಬಾಯಿಗೆ ಕರ್ಚೀಫ್ ಕಟ್ಟಿಕೋ ಅನ್ನುವ ಕಡೆ ಬೇಡವೇ ಬೇಡ, ಆ ವಾಸನೆ ತಲೆಗೂ ಶ್ವಾಸಕ್ಕೂ ಕೆಟ್ಟದ್ದು. ಮೊದಮೊದಲು ಗಾಜಿನ ಪುಡಿಗೆ ಮೈ ತುರಿಸುತ್ತದೆ. ಮನೆಗೆ ಬಂದ ಕೂಡಲೇ ಬಿಸಿನೀರು ಹಾಕಿಕೊಳ್ಳಬಾರದು, ಮೊದಲು ತಣ್ಣೀರು. ಅವನ ಕೆಲಸದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ ಒಗೆಯಿರಿ, ಇಲ್ಲದಿದ್ದರೆ ಮನೆಮಂದಿಯೆಲ್ಲ ಕೆರೆದುಕೊಳ್ಳಬೇಕಾಗುತ್ತದೆ.